ಅರ್ಧ ಕಿವಿಯ ರಿಸಾಲದ ತಾತ

ಅವರ ಎಡಗಿವಿಯ ಮೇಲಿನ ಅರ್ಧ ಇರಲಿಲ್ಲ. ಉಳಿದ ಅರ್ಧದ ಅಂಚು ಹಳೆಯ ಚರ್ಮದ ಹೊಲಿಗೆಯಂತೆ ಸುರುಟಿಕೊಂಡಿತ್ತು. ಮಕ್ಕಳನ್ನು ಕುದುರೆ ಸವಾರಿಗೆ ಸೇರಿಸಲು ಬಂದವರಿಗೆ ಅವರು ಮೊದಲು ರುಮಾಲು ಸರಿಸಿ ಅದನ್ನೇ ತೋರಿಸುತ್ತಿದ್ದರು.

"ಕುದುರಿ ಕಡದೈತಿ. ತಪ್ಪು ನಂದು. ನೋಡಿಕೊಂಡು ಸೇರಸ್ರಿ."

ಬಂದವರಲ್ಲಿ ಅರ್ಧ ಜನ ಅಲ್ಲಿಂದಲೇ ಹಿಂದಿರುಗುತ್ತಿದ್ದರು.

ಯಾವುದೋ ಸಂಸ್ಥಾನದ ಕುದುರೆ ದಂಡಿನಲ್ಲಿ ದುಡಿದು ಬಂದವರಾದ್ದರಿಂದ ಆದವಾನಿಯಲ್ಲಿ ಎಲ್ಲರೂ ಅವರನ್ನು ರಿಸಾಲದ ತಾತ ಎನ್ನುತ್ತಿದ್ದರು. ಕೋಟೆ ಬೆಟ್ಟದ ಬುಡದಲ್ಲಿ ತಗಡಿನ ಲಾಯ, ಎರಡು ಕುದುರೆ, ಆರೇಳು ಮಕ್ಕಳು. ಅಷ್ಟೇ ಅವರ ಶಾಲೆ. ಬಳ್ಳಾರಿ ಜಿಲ್ಲೆಯಲ್ಲಿದ್ದ ನಮ್ಮೂರು ಕರ್ನೂಲಿಗೆ ಸೇರಿದ ಮರುವರ್ಷ ನಾನು ಅಲ್ಲಿಗೆ ಹೋದೆ. ಆಗ ನನಗೆ ಹತ್ತು ವರ್ಷ.

ಹೋದದ್ದು ಶೋಕಿಗಲ್ಲ. ಆ ಚಳಿಗಾಲದಲ್ಲಿ ರೈಲ್ವೆ ಸ್ಟೇಷನ್ನಿನ ಬಳಿ ನಾನು ಕುಳಿತಿದ್ದ ಜಟಕಾದ ಕುದುರೆ ಬೆದರಿ, ಗಾಡಿ ಮಗುಚಿತ್ತು. ಮೂಳೆ ಮುರಿಯಲಿಲ್ಲ. ಆದರೆ ಅಂದಿನಿಂದ ಗೊರಸಿನ ಸದ್ದು ಕೇಳಿದರೆ ಸಾಕು, ನಿಂತಲ್ಲೇ ನನ್ನ ಕಾಲು ಕಟ್ಟಿಹಾಕಿದಂತಾಗುತ್ತಿತ್ತು. ನಾನು ಓದುತ್ತಿದ್ದ ಶಾಲೆ ಊರಿನ ಆಚೆ ತುದಿಯಲ್ಲಿತ್ತು. ಜಟಕಾ ಬಿಟ್ಟರೆ ಬೇರೆ ಏರ್ಪಾಡಿಲ್ಲ. ಶಾಲೆ ನಿಂತೇಹೋಯಿತು. ಅಜ್ಜಿಗೆ ಬೇಕಾದದ್ದೂ ಅದೇ.

"ಹೆಣ್ಣುಹುಡುಗಿ ಐದ್ನೇ ಕ್ಲಾಸು ಓದ್ಯಾಳ, ಸಾಕು. ಮನ್ಯಾಗ ಇರ್ಲಿ."

ಅಪ್ಪ ಜಿನ್ನಿಂಗ್ ಮಿಲ್ಲಿನಲ್ಲಿ ಗುಮಾಸ್ತರಾಗಿದ್ದರು. ಸ್ನಾನಕ್ಕೂ ಗಡಿಯಾರ ನೋಡುವ ಮನುಷ್ಯ. "ಬ್ಯಾಸಗಿ ರಜಾ ಮುಗಿಯೋತನಕ ಟೈಮು. ಕುದುರಿ ಸವಾರಿ ಕಲೀಲಿ, ಹೆದರಿಕಿ ಹೋಗ್ತೈತಿ. ಹೋಗ್ಲಿಲ್ಲಾ ಅಂದ್ರ, ನೀ ಹೇಳಿದಂಗ ಆಗ್ಲಿ," ಎಂದು ಅಜ್ಜಿಗೆ ಮಾತು ಕೊಟ್ಟರು.

"ಕುದುರಿ ಹತ್ತಿ ಯಾವ ಯುದ್ಧಕ್ಕ ಹೋಗಾಕಿ ಈಕಿ?" ಎಂದು ಅಜ್ಜಿ ಕೈ ತಿರುವಿದಳು.

ಊರಿನಲ್ಲಿ ಸವಾರಿ ಕಲಿಸುವ ಜಾಗ ಎರಡಿದ್ದವು. ಒಂದೇ ಭಾನುವಾರ ಅಪ್ಪ ನನ್ನ ಕೈ ಹಿಡಿದು ಎರಡಕ್ಕೂ ನಡೆಸಿದರು. ಮೊದಲನೆಯದು ಅರಳೆ ವ್ಯಾಪಾರಿಗಳು ತಮ್ಮ ಮಕ್ಕಳಿಗಾಗಿ ಮಾಡಿಕೊಂಡಿದ್ದ ಕ್ಲಬ್ಬು. ಸುಣ್ಣ ಬಳಿದ ಬೇಲಿ, ಬಿಳಿ ಟೊಪ್ಪಿ, ಸೀಟಿ. ಅಲ್ಲಿನ ಮಾಸ್ತರರಿಗೆ ಅಪ್ಪ ಕೇಳಿದ್ದು ಒಂದೇ ಪ್ರಶ್ನೆ.

"ಇಲ್ಲೀತನಕ ಎಷ್ಟು ಮಂದಿ ಹುಡುಗ್ರು ಬಿದ್ದಾರ?"

"ಒಬ್ರೂ ಇಲ್ಲ ಸಾರ್! ನಮ್ಮಲ್ಲಿ ಆ ಮಾತೇ ಇಲ್ಲ."

ಬೆಟ್ಟದ ಬುಡದಲ್ಲಿ ಕಿವಿಯ ಪ್ರದರ್ಶನ ಮುಗಿದ ಮೇಲೆ ಅದೇ ಪ್ರಶ್ನೆಯನ್ನು ತಾತನಿಗೂ ಕೇಳಿದರು.

"ಎಲ್ರೂ ಬಿದ್ದಾರ. ನಿಮ್ಮಾಕೀನೂ ಬೀಳ್ತಾಳ. ಬಿದ್ದಮ್ಯಾಲ ಹೆಂಗ ಏಳಬೇಕು ಅನ್ನೋದು ಮೊದ್ಲು ಕಲಸ್ತೀನಿ."

ಅಪ್ಪ ನನ್ನನ್ನು ಕೇಳದೆ ಅಲ್ಲೇ ಸೇರಿಸಿದರು. "ಆ ಮಾಸ್ತರ ಸುಳ್ಳು ಹೇಳ್ತಾನ, ಇಲ್ಲಾ ಹುಡುಗ್ರನ್ನ ಕುದುರಿ ಮ್ಯಾಲ ಕುಂದ್ರಸೋದಽ ಇಲ್ಲ," ಎಂದು ದಾರಿಯಲ್ಲಿ ಹೇಳಿದರು. ತಾತನಿಗೆ ಮಾತ್ರ ಒಂದು ಕರಾರು ಹಾಕಿದ್ದರು: "ಸಾಹೇಬ್ರ, ಈಕಿಂದ ಒಂದು ತಕರಾರು ಬಂದ್ರೂ ನನಗ ಹೇಳ್ರಿ. ಅವತ್ತಽ ಬಿಡಸ್ತೀನಿ."

ಬಿಡಿಸುವುದೆಂದರೆ ಶಾಲೆಯನ್ನೂ ಬಿಡಿಸುವುದು ಎಂದು ನನಗೆ ಗೊತ್ತಿತ್ತು.

ಮೊದಲ ತಿಂಗಳು ತಾತ ಯಾರನ್ನೂ ಹತ್ತಿಸುತ್ತಿರಲಿಲ್ಲ. ಬೆಳಿಗ್ಗೆ ಐದೂವರೆಗೆ ಲಾಯ ಗುಡಿಸಬೇಕು. ಮೊದಲು ನೀರು, ಆಮೇಲೆ ಬೇಯಿಸಿದ ಹುರುಳಿ, ಆಮೇಲೆ ಮೈ ತಿಕ್ಕುವುದು. ಈ ಸಾಲು ತಪ್ಪಿದರೆ ಮತ್ತೆ ಮೊದಲಿನಿಂದ. ನಾವು ತಿಕ್ಕುವಾಗ ತಾತ ರುಮಾಲು ತೆಗೆದು, ಆ ಅರ್ಧ ಕಿವಿಯನ್ನು ಕುದುರೆಯ ಹೊಟ್ಟೆಗೆ ಒತ್ತಿ ಕಣ್ಣು ಮುಚ್ಚಿ ನಿಲ್ಲುತ್ತಿದ್ದರು. "ಹೊಟ್ಟಿ ಮಾತಾಡತೈತಿ. ಚಲೋ ಅದಾಳ," ಎಂದ ಮೇಲೆಯೇ ಮುಂದಿನ ಕೆಲಸ.

ನನಗೆ ಒಪ್ಪಿಸಿದ್ದು ಮೋತಿ ಎಂಬ ಮುದಿ ಹೆಣ್ಣು ಕುದುರೆಯನ್ನು. ಮೊದಲ ವಾರ ಎರಡು ಮಾರು ದೂರದಿಂದಲೇ ನೀರಿನ ಬಕೆಟ್ಟು ತಳ್ಳುತ್ತಿದ್ದೆ. ಮೂರನೆಯ ವಾರಕ್ಕೆ ಅದು ನನ್ನ ಹೆಗಲ ಮೇಲೆ ಮೂತಿ ಇಟ್ಟು ಬಿಸಿಯುಸಿರು ಬಿಟ್ಟಿತು. ನಾನು ಓಡಲಿಲ್ಲ. ಆ ಖುಷಿಯಲ್ಲೇ ತಪ್ಪು ಮಾಡಿದೆ.

ಹತ್ತಿಯ ಊರಿನ ಮಕ್ಕಳಿಗೆ ದನದ ಮೇಲಿನ ಪ್ರೀತಿ ತೋರಿಸುವುದಕ್ಕೆ ಗೊತ್ತಿದ್ದದ್ದು ಹತ್ತಿಕಾಳು. ಮಿಲ್ಲಿನಿಂದ ಮನೆಗೆ ಬರುತ್ತಿತ್ತು. ತಿಂದ ನಮ್ಮ ಎಮ್ಮೆ ಗಟ್ಟಿ ಹಾಲು ಕೊಡುತ್ತಿತ್ತು. ಎಮ್ಮೆಗೆ ಒಳ್ಳೆಯದಾದದ್ದು ಕುದುರೆಗೂ ಒಳ್ಳೆಯದೇ ಎಂದುಕೊಂಡು ಲಂಗದ ಮಡಿಲಲ್ಲಿ ಒಯ್ದು, ತಾತ ನಮಾಜಿಗೆ ಹೋದಾಗ ಮೂರು ದಿನ ಮೋತಿಗೆ ತಿನ್ನಿಸಿದೆ. ನೆನೆಸಿರಲಿಲ್ಲ, ಕಾಳಿಗಂಟಿದ ಅರಳೆಯ ನವಿರೂ ಹಾಗೇ ಇತ್ತು.

ನಾಲ್ಕನೆಯ ಬೆಳಿಗ್ಗೆ ಮೋತಿ ನೀರು ಮುಟ್ಟಲಿಲ್ಲ. ಮುಂಗಾಲಿನಿಂದ ನೆಲ ಕೆರೆಯುತ್ತ, ತಿರುಗಿ ತಿರುಗಿ ತನ್ನ ಹೊಟ್ಟೆಯನ್ನೇ ನೋಡುತ್ತಿತ್ತು. ಕತ್ತು ಬೆವತಿತ್ತು. ತಾತ ಕಿವಿಯಿಟ್ಟರು. ಆ ಕಡೆಗೆ ಹೋಗಿ ಮತ್ತೆ ಕಿವಿಯಿಟ್ಟರು.

"ಹೊಟ್ಟಿ ಮಾತಾಡವಲ್ದು," ಎಂದರು.

ಅದು ಮಲಗಿ ಹೊರಳದಂತೆ ದೊಡ್ಡ ಹುಡುಗರು ಅಂಗಳದಲ್ಲಿ ಸುತ್ತು ಹಾಕಿಸತೊಡಗಿದರು. ತಾತ ಓಮ, ಅಫೀಮು ಕಾಯಿಸಿ ಔಷಧ ಕುಡಿಸುವ ಬಿದಿರಿನ ಗೊಟ್ಟಕ್ಕೆ ಸುರಿದುಕೊಂಡು ಬಂದು ನಮ್ಮ ಮುಂದೆ ನಿಂತರು.

"ಇದು ವಾಯುಗೆ ಕೊಡೋದು. ಹೊಟ್ಯಾಗ ಏನಾರ ಸಿಕ್ಕೊಂಡಿದ್ರ ಇದಽ ಕೊಲ್ತೈತಿ ಆಕೀನ. ಯಾರು ಕೊಟ್ರು ಅಂತ ನಾ ಕೇಳಂಗಿಲ್ಲ. ಏನು ಕೊಟ್ರಿ, ಎಷ್ಟು ಕೊಟ್ರಿ, ಅಷ್ಟಽ ಹೇಳ್ರಿ."

ಹುಡುಗರು ಒಬ್ಬರ ಮುಖ ಒಬ್ಬರು ನೋಡಿದರು. ನನ್ನ ಕಣ್ಣ ಮುಂದೆ ಅಪ್ಪನ ಕರಾರು, ಅಜ್ಜಿಯ ತಿರುವಿದ ಕೈ. ತಾತ ಮೋತಿಯ ತಲೆಯೆತ್ತಿ ಹಿಡಿದರು. ಗೊಟ್ಟ ಅದರ ತುಟಿಗೆ ತಾಗಿತು.

"ಹತ್ತಿಕಾಳು, ತಾತಾ," ಎಂದೆ. "ಮೂರು ದಿನ. ದಿನಾ ಒಂದು ಮಡಿಲು."

ಗೊಟ್ಟದಲ್ಲಿದ್ದುದನ್ನೆಲ್ಲ ಅವರು ನೆಲಕ್ಕೆ ಚೆಲ್ಲಿಬಿಟ್ಟರು. ನನ್ನ ಕಡೆ ನೋಡಲೂ ಇಲ್ಲ. "ಎರಡು ಸೇರು ಅಗಸಿ ಎಣ್ಣಿ ಬೇಕು, ಈಗಿಂದೀಗ. ಗಾಣದವನಿಗೆ ನಾ ಹೇಳೀನಿ ಅಂತ ಹೇಳು. ಹೋಗು ಬೇಟಿ!"

ಬಾಗಿಲಲ್ಲಿ ಒಂದು ಜಟಕಾ ನಿಂತಿತ್ತು. ತನ್ನ ಕುದುರೆಯ ಹಲ್ಲು ತೋರಿಸಲು ಬಂದಿದ್ದ ಗಾಡಿಯವನು ಅದನ್ನು ತಿರುಗಿಸಿ ಹೊಡೆದ. ಗಾಣದವನ ಮನೆಗೆ ಹೋಗಿ, ಎಣ್ಣೆಯ ಡಬ್ಬಿ ತೊಡೆಯ ಮೇಲಿಟ್ಟುಕೊಂಡು ವಾಪಸು ಬರುವಾಗ, "ಭದ್ರ ಹಿಡ್ಕೊ ಪಾಪಾ," ಎಂದು ಅವನು ಕೂಗಿದಾಗಲೇ ನಾನು ಎಲ್ಲಿ ಕುಳಿತಿದ್ದೇನೆಂದು ನನಗೆ ತಿಳಿದದ್ದು. ಡಬ್ಬಿಯನ್ನು ಇನ್ನಷ್ಟು ಬಿಗಿಯಾಗಿ ಅಪ್ಪಿಕೊಂಡೆ.

ಎಣ್ಣೆ ಒಳಗೆ ಹೋಯಿತು. ಆಮೇಲೆ ಬರೀ ನಡಿಗೆ. ಹುಡುಗರು ಸುಸ್ತಾಗಿ ಕುಳಿತರು. ತಾತ ಕೂರಲಿಲ್ಲ, ನಾನೂ ಕೂರಲಿಲ್ಲ. ಪ್ರತಿ ಹತ್ತು ಸುತ್ತಿಗೆ ಒಮ್ಮೆ ಕಿವಿಯಿಡುತ್ತಿದ್ದರು, ಮತ್ತೆ ಹಗ್ಗ ಎಳೆಯುತ್ತಿದ್ದರು. ಮಧ್ಯಾಹ್ನ ತಗಡು ಸುಡುವ ಹೊತ್ತಿಗೆ ಮೋತಿ ಎರಡು ಸಲ ಮುಂಗಾಲು ಮಡಿಚಿತು. ಎರಡೂ ಸಲ ಹೆಗಲು ಕೊಟ್ಟು ಎಬ್ಬಿಸಿದರು. ಸುಮಾರು ನಾಲ್ಕು ಗಂಟೆಗೆ ಕಿವಿಯಿಟ್ಟವರು ಬಹಳ ಹೊತ್ತು ಹಾಗೇ ನಿಂತರು. ಆಮೇಲೆ ನನ್ನ ತಲೆ ಹಿಡಿದು ಅದೇ ಜಾಗಕ್ಕೆ ಒತ್ತಿದರು. ಒಳಗೆ ಎಲ್ಲೋ ದೂರದಲ್ಲಿ ಕೊಡದಿಂದ ನೀರು ಬಗ್ಗಿಸಿದಂಥ ಸದ್ದು.

"ಕೇಳ್ತಾ?"

"ಕೇಳ್ತು."

ಅಷ್ಟರಲ್ಲೇ ಮೋತಿ ಲದ್ದಿ ಹಾಕಿತು. ಎಣ್ಣೆಯಲ್ಲಿ ತೊಯ್ದ ಅರಳೆ, ಕಾಳು. ತಾತ ಗೋಡೆಗೊರಗಿ ಕುಕ್ಕರಿಸಿದರು.

ಮಿಲ್ಲು ಬಿಟ್ಟು ಆರು ಗಂಟೆಗೆ ಸರಿಯಾಗಿ ಅಪ್ಪ ಬಂದರು. ಅಂಗಳ, ಎಣ್ಣೆ, ನನ್ನ ಮುಖ ಎಲ್ಲವನ್ನೂ ನೋಡಿ, "ಏನಾತ್ರಿ? ಈಕಿದೇನಾರ ತಕರಾರು?" ಎಂದರು.

ತಾತ ಏನನ್ನೂ ಮುಚ್ಚಿಡಲಿಲ್ಲ. "ಮೋತಿಗೆ ಹತ್ತಿಕಾಳು ಹಾಕಿದ್ಳು. ಕುದುರಿ ಸಾಯ್ತಿತ್ತು. ಹೆದರಿಕೊಂಡ್ಳು, ಆದ್ರೂ ಎದುರಿಗೆ ನಿಂತು ತಾನಽ ಹೇಳಿದ್ಳು. ತಕರಾರು ಇಲ್ಲ. ಬೀಳೋದು ಒಂದು ಆತು ಅಂತ ತಿಳೀರಿ. ನಾಳಿಂದ ಹತ್ತಸ್ತೀನಿ."

ಅಪ್ಪ ಗಡಿಯಾರ ತೆಗೆದು ನೋಡಿ ಮತ್ತೆ ಜೇಬಿಗೆ ಹಾಕಿದರು. "ಐದೂವರಿಗೆ ಕಳಸ್ತೀನ್ರಿ," ಎಂದರು. ಜೂನ್ ತಿಂಗಳಲ್ಲಿ ನಾನು ಜಟಕಾ ಹತ್ತಿ ಶಾಲೆಗೆ ಹೋದೆ. ಅಜ್ಜಿ ಬಾಗಿಲವರೆಗೂ ಬರಲಿಲ್ಲ.

ತಾತನ ಹತ್ತಿರ ಎರಡು ವರ್ಷ ಕಲಿತೆ. ಐದು ಸಲ ಬಿದ್ದೆ. ನಾನು ಕರ್ನೂಲಿನಲ್ಲಿ ನರ್ಸ್ ತರಬೇತಿಯಲ್ಲಿದ್ದಾಗ ಅವರು ತೀರಿಕೊಂಡರು. ಅಪ್ಪ ಬರೆದ ಕಾರ್ಡಿನಲ್ಲಿ ದಿನ, ಗಂಟೆ, ಮಣ್ಣಿಗೆ ಹೋದವರ ಹೆಸರುಗಳಿದ್ದವು. ಕೊನೆಯ ಸಾಲಿನಲ್ಲಿ, ಆ ಬೆಳಿಗ್ಗೆಯೂ ಲಾಯ ಗುಡಿಸಿದ್ದರಂತೆ ಎಂದು ಬರೆದಿದ್ದರು.

ಮಕ್ಕಳ ವಾರ್ಡಿನಲ್ಲಿ ನಾನು ಬಹಳ ವರ್ಷ ದುಡಿದೆ. ಹೊಟ್ಟೆ ಉಬ್ಬಿದ ಕೂಸನ್ನು ಮಡಿಲಲ್ಲಿಟ್ಟುಕೊಂಡು, ಬಾಗಿಲಲ್ಲಿ ನಿಂತ ಅತ್ತೆಯ ಕಡೆ ಕಣ್ಣು ಹಾಯಿಸುತ್ತ, ಏನು ಕುಡಿಸಿದೆ ಎಂದು ಹೇಳಲಾರದ ತಾಯಂದಿರು ವಾರಕ್ಕೊಬ್ಬರಾದರೂ ಬರುತ್ತಿದ್ದರು. ಅತ್ತೆಯನ್ನು ಹೊರಗೆ ಕಳಿಸಿ ಬಾಗಿಲು ಹಾಕುತ್ತಿದ್ದೆ. "ಯಾರು ಕೊಟ್ರು ಅಂತ ಕೇಳಂಗಿಲ್ಲವ್ವ. ಏನು ಕೊಟ್ರಿ, ಎಷ್ಟು ಕೊಟ್ರಿ, ಅಷ್ಟಽ ಹೇಳು," ಎನ್ನುತ್ತಿದ್ದೆ. ಅವಳು ಹೇಳುವವರೆಗೆ ಕೈಯಲ್ಲಿದ್ದ ಔಷಧವನ್ನು ಮೇಜಿನ ಮೇಲಿಟ್ಟು ಕಾಯುತ್ತಿದ್ದೆ.