ಹಚ್ಚೆ ಒರೆಸಿದ ಪಟ

ನಮ್ಮ ಸೋದರಮಾವನ ಸ್ಟುಡಿಯೋದ ಒಳಗೋಡೆಗೆ ಹೆಂಗಸರನ್ನು ಸಾಲಾಗಿ ಒರಗಿಸಿಟ್ಟಿದ್ದರು. ಎಲ್ಲರಿಗೂ ಒಂದೇ ಕೆಂಪು ರೇಷ್ಮೆ ಸೀರೆ, ಒಂದೇ ಕಾಸಿನ ಸರ, ತೊಡೆಯ ಮೇಲೆ ಒಂದರ ಮೇಲೊಂದು ಇಟ್ಟ ಅವೇ ಎರಡು ಕೈ. ಮುಖ ಮಾತ್ರ ಯಾರಿಗೂ ಇರಲಿಲ್ಲ. ಕತ್ತಿನ ಮೇಲೆ ಬರೀ ಬಿಳಿ ಕ್ಯಾನ್ವಾಸು. ಯಾರದಾದರೂ ಮನೆಯಲ್ಲಿ ತಾಯಿ ತೀರಿಕೊಂಡು, ಮಕ್ಕಳು ಫೋಟೊ ಹಿಡಿದುಕೊಂಡು ಬಂದರೆ ಸಾಲಿನಿಂದ ಒಂದು ಮೈಯನ್ನು ಎತ್ತಿಕೊಂಡು ಅದಕ್ಕೆ ಮುಖ ಕೂರಿಸುವುದು ಅಲ್ಲಿನ ಪದ್ಧತಿ. ಕೆಲಸ ಬೇಗ ಮುಗಿಯುತ್ತದೆ ಎಂದು ಮಾವ ಹೆಮ್ಮೆಯಿಂದ ಹೇಳಿದರು. ನನಗೆ ಮೊದಲ ದಿನವೇ ಮೈ ಉರಿಯಿತು.

ನಾನು ಬೆಂಗಳೂರಿನಲ್ಲಿ ಚಿತ್ರಕಲೆ ಓದುತ್ತಿದ್ದೆ. ಕೊನೆಯ ವರ್ಷ ಯಾವುದಾದರೂ ಕಲಾವಿದರ ಹತ್ತಿರ ಒಂದು ಬೇಸಿಗೆ ಕೆಲಸ ಕಲಿತು ಬರಬೇಕೆಂಬ ನಿಯಮವಿತ್ತು. ನನ್ನ ಸಹಪಾಠಿಗಳೆಲ್ಲ ಹೆಸರಾದವರ ಬಾಗಿಲು ತಟ್ಟುತ್ತಿದ್ದರೆ ನಮ್ಮಮ್ಮ, ಒಡಹುಟ್ಟಿದ ಅಣ್ಣನೇ ಚನ್ನಪಟ್ಟಣದಲ್ಲಿ ಸ್ಟುಡಿಯೋ ಇಟ್ಟಿರುವಾಗ ಹೆಣ್ಣುಹುಡುಗಿ ಕಂಡೋರ ಮನೆಗೆ ಯಾಕೆ ಹೋಗಬೇಕು ಎಂದು ಪಟ್ಟು ಹಿಡಿದಳು. ಅಣ್ಣನೆಂದರೆ ಅವಳಿಗೆ ದೇವರು. ಅವನ ಮಾತಿಗೆ ಎದುರಾಡಿದ್ದನ್ನು ನಾನು ಕಂಡೇ ಇರಲಿಲ್ಲ. ನಮ್ಮೂರಾದ ಮಾಗಡಿಯಿಂದ ರಾಮನಗರಕ್ಕೆ ಒಂದು ಬಸ್ಸು, ಅಲ್ಲಿಂದ ಇನ್ನೊಂದು ಬಸ್ಸು ಹಿಡಿದು ನಾನು ಬಣ್ಣದ ಡಬ್ಬಿಯ ಸಮೇತ ಮಾವನ ಮನೆಗೆ ಬಂದಿಳಿದೆ.

ಮನೆಯ ಮುಂಭಾಗ ಸ್ಟುಡಿಯೋ, ಹಿಂಭಾಗ ಸಂಸಾರ. ನಡುವಿನ ಬಾಗಿಲ ಹತ್ತಿರ ಅಜ್ಜಿ, ಅಂದರೆ ಮಾವನ ತಾಯಿ, ಅವರೆಕಾಯಿ ಸುಲಿಯುತ್ತಲೋ ಅಕ್ಕಿ ಆರಿಸುತ್ತಲೋ ಕೂತಿರುತ್ತಿದ್ದಳು.

ಮಾವ ಮೊದಲು ಬೋರ್ಡ್ ಬರೆಯುತ್ತಿದ್ದರು. ಮೈಸೂರು ರಸ್ತೆಯ ಎಷ್ಟೋ ಅಂಗಡಿಗಳ ಹೆಸರು ಅವರ ಕೈಬರಹದಲ್ಲೇ ಇತ್ತು. ಫ್ಲೆಕ್ಸ್ ಬಂದ ಮೇಲೆ ಆ ಕೆಲಸ ಕೈಬಿಟ್ಟುಹೋಯಿತು. ಅದೇ ಹೊತ್ತಿಗೆ ಬಿಡದಿ ಕಡೆ ಕಾರ್ಖಾನೆಗಳು ಎದ್ದವು. ಹಿಪ್ಪುನೇರಳೆ ತೋಟ, ರಾಗಿ ಹೊಲ ಎಲ್ಲ ಕಾಂಪೌಂಡಿನೊಳಗೆ ಸೇರಿಹೋದವು. ಜಮೀನು ಕೊಟ್ಟವರು ತಾರಸಿ ಮನೆ ಕಟ್ಟಿಸಿದರು. ತಾರಸಿ ಮನೆಗೊಂದು ಹಾಲು, ಹಾಲಿನಲ್ಲೊಂದು ಶೋಕೇಸು, ಶೋಕೇಸಿನ ಮೇಲೆ ತೀರಿಕೊಂಡ ತಾಯಿತಂದೆಯ ಆಳೆತ್ತರದ ಬಣ್ಣದ ಪಟ. ಹೀಗೆ ಮಾವನಿಗೆ ಮತ್ತೆ ಉಸಿರು ಬಂತು.

ಆ ಪಟಗಳಿಗೆ ಮಾವ ಬಳಸುತ್ತಿದ್ದ ಮೈಬಣ್ಣವೂ ಒಂದೇ. ಬಿಳಿ, ಹಳದಿ, ಒಂದಿಷ್ಟು ಕೆಂಪು ಕಲಸಿ ಉಪ್ಪಿನಕಾಯಿ ಬಾಟಲಿಯಲ್ಲಿ ತುಂಬಿಟ್ಟಿದ್ದರು. ಸುತ್ತಿನ ನಾಲ್ಕು ತಾಲ್ಲೂಕಿನಲ್ಲಿ ಅಂಥ ಬಣ್ಣದ ಒಬ್ಬ ಮನುಷ್ಯನನ್ನೂ ನಾನು ಈವರೆಗೆ ಕಂಡಿಲ್ಲ. ಬಿಸಿಲಲ್ಲಿ ಸೊಪ್ಪು ಕೊಯ್ದು, ರಾಗಿ ಕಳೆ ಕಿತ್ತು ಕರ್ರಗಾದ ಹೆಂಗಸರೆಲ್ಲ ಆ ಬಾಟಲಿಯಲ್ಲಿ ಮುಳುಗೆದ್ದು ಬೆಳ್ಳಗಾಗಿ ಹಾಲಿನ ಗೋಡೆ ಏರುತ್ತಿದ್ದರು. ಗಂಡ ಸತ್ತಾಗ ಬಳೆ ಒಡೆಸಿದ ಜನರೇ ಪಟದಲ್ಲಿ ಕೈತುಂಬ ಚಿನ್ನದ ಬಳೆ ಬರೆಯಿರಿ ಎನ್ನುತ್ತಿದ್ದರು. ಇದ್ದಾಗ ಮೂಗುತಿಗೂ ಗತಿಯಿಲ್ಲದವಳಿಗೆ ಸತ್ತ ಮೇಲೆ ಕಾಸಿನ ಸರ! ನಾನು ಗೊಣಗಿದರೆ ಮಾವ ನಗುತ್ತಿದ್ದರು. ಕೆಲಸ ಮಾತ್ರ ಚೆನ್ನಾಗಿಯೇ ಕಲಿಸಿದರು, ಇಲ್ಲವೆಂದರೆ ತಪ್ಪಾಗುತ್ತದೆ. ರೇಷ್ಮೆಯ ಮಡಿಕೆಯಲ್ಲಿ ಬೆಳಕು ಎಲ್ಲಿ ನಿಲ್ಲುತ್ತದೆ, ಎಲ್ಲಿ ಜಾರುತ್ತದೆ ಎನ್ನುವುದನ್ನು ನಮ್ಮ ಕಾಲೇಜಿನಲ್ಲಿ ಯಾರೂ ಅಷ್ಟು ಬಿಡಿಸಿ ಹೇಳಿರಲಿಲ್ಲ. ಆದರೆ ಕಲಿತದ್ದನ್ನೆಲ್ಲ ನಾನು ಸುರಿಯುತ್ತಿದ್ದದ್ದು ಆ ಮುಖವಿಲ್ಲದ ಮೈಗಳ ಮೇಲೆ.

ಒಂದು ದಿನ ಬಿಡದಿ ಕಡೆಯ ಹಳ್ಳಿಯಿಂದ ಅಣ್ಣತಮ್ಮಂದಿರಿಬ್ಬರು ಬಂದರು. ತಾಯಿ ಹೋಗಿ ಆರು ತಿಂಗಳಾಗಿತ್ತು, ಹೊಸ ಮನೆಯ ಗೃಹಪ್ರವೇಶ ಹತ್ತಿರವಿತ್ತು. ತಾಯಿಯದೆಂದು ಇದ್ದದ್ದು ಒಂದೇ ಫೋಟೊ, ಯಾರದೋ ಮದುವೆಯಲ್ಲಿ ತೆಗೆದದ್ದು. ಗುಂಪಿನ ಅಂಚಿನಲ್ಲಿ ನಿಂತ ಹೆಂಗಸು ಕ್ಯಾಮೆರಾ ಕಡೆ ನೋಡಲು ನಾಚಿಕೊಂಡಂತಿತ್ತು. ಹುಬ್ಬುಗಳ ನಡುವಿನಿಂದ ಮೇಲಕ್ಕೆ ಹಸಿರು ಹಚ್ಚೆಯ ಗೆರೆ, ಅದರ ಎರಡೂ ಕಡೆ ಚುಕ್ಕಿ. ಮುಂಗೈಯಲ್ಲೂ ಹಸಿರು ಹಸಿರಾಗಿ ಏನೋ ಇತ್ತು, ಫೋಟೊದಲ್ಲಿ ಮಸುಕಾಗಿತ್ತು.

ಹಿರಿಯವನು ಮಾವನಿಗೆ ಹೇಳಿದ, ಮುಖದ ಮೇಲಿನ ಹಸಿರನ್ನೆಲ್ಲ ಕ್ಲೀನ್ ಮಾಡಿಬಿಡಿ ಎಂದು. ಕಾರ್ಖಾನೆಯ ಸಾಹೇಬರುಗಳು ಮನೆಗೆ ಬಂದುಹೋಗುತ್ತಾರಂತೆ, ಹಚ್ಚೆ ಇದ್ದರೆ ಹಳ್ಳಿಗುಗ್ಗಿನ ಥರ ಕಾಣುತ್ತದಂತೆ. ಹೆತ್ತ ತಾಯಿಯ ವಿಷಯದಲ್ಲಿ ಆಡಿದ ಮಾತು ಇದು. ನಾನು ಕುಂಚ ತೊಳೆಯುತ್ತ ಕೂತಿದ್ದೆ. ನಿಮ್ಮನ್ನು ಹೊತ್ತು ಹೆತ್ತವಳು ಹಳ್ಳಿಯವಳಲ್ಲದೆ ಇನ್ನೆಲ್ಲಿಯವಳು ಎಂದು ಕೇಳಬೇಕೆಂದು ನಾಲಿಗೆಯ ತುದಿಗೆ ಬಂತು. ಮಾವ ಕಣ್ಣಲ್ಲೇ ಗದರಿದರು.

ಆ ಮುಖವನ್ನು ಮಾವ ನನಗೆ ಬಿಟ್ಟರು. ನಾನು ಬರೆದ ಮೊದಲ ಮುಖ ಅದು. ಬಾಟಲಿಯ ಬಣ್ಣ ಮುಟ್ಟದೆ ನಾನೇ ಒಸಿ ಕಪ್ಪಗೆ ಕಲಸಿದ್ದಕ್ಕೆ ಮಾವ ಬೈದು ಮೇಲೊಂದು ಸುತ್ತು ಬಿಳುಪು ಎಳೆದರು. ಹಣೆ ನುಣ್ಣಗೆ ಖಾಲಿಯಿತ್ತು. ಕುಂಕುಮವೊಂದೇ.

ಪಟ ಒಯ್ಯುವ ಹಿಂದಿನ ದಿನ ಮಧ್ಯಾಹ್ನ ಒಬ್ಬ ಹೆಂಗಸು ಬಂದಳು. ಆ ಅಣ್ಣತಮ್ಮಂದಿರ ತಂಗಿ, ಬೈರಾಪಟ್ಟಣಕ್ಕೆ ಕೊಟ್ಟವಳು. ಸೀರೆಯ ಅಂಚಿಗೆ ಮಣ್ಣು ಮೆತ್ತಿತ್ತು, ಕೆಲಸ ಬಿಟ್ಟು ಹಾಗೇ ಬಂದಂತಿತ್ತು. ಮಾವ ಊಟಕ್ಕೆ ಒಳಗೆ ಹೋಗಿದ್ದರು. ನಮ್ಮವ್ವನ ಪಟ ಆಗಿದೆಯಂತೆ, ನೋಡಿ ಹೋಗೋಣವೆಂದು ಬಂದೆ ಎಂದಳು. ನಾನು ಪಟ ತಿರುಗಿಸಿಟ್ಟೆ. ಅವಳು ಮುಂದೆ ಬಂದು ನೋಡಿದಳು, ಹಿಂದೆ ಸರಿದು ನೋಡಿದಳು. ಆಮೇಲೆ ಸಾಲಿನಲ್ಲಿದ್ದ ಉಳಿದ ಪಟಗಳ ಕಡೆ ತಿರುಗಿದಳು, ತನ್ನ ತಾಯಿ ಅಲ್ಲೆಲ್ಲೋ ಇರಬೇಕು ಎನ್ನುವ ಹಾಗೆ.

"ಯಾರವ್ವ ಇದು?" ಎಂದು ಕೇಳಿದಳು.

ನಿಮ್ಮ ತಾಯಿಯೇ ಎಂದೆ. ಅವಳು ಅಲ್ಲವೆಂದು ತಲೆಯಾಡಿಸಿದಳು. ಹಣೆಯಲ್ಲಿ ಹಚ್ಚೆ ಎಲ್ಲಿ, ಕೈಮೇಲಿನ ತೊಟ್ಟಿಲು ಎಲ್ಲಿ ಎಂದಳು. ತಾನು ಚಿಕ್ಕವಳಿದ್ದಾಗ ತಾಯಿಯ ಮುಂಗೈ ಹಿಡಿದುಕೊಂಡು, ಆ ತೊಟ್ಟಿಲ ಗೆರೆಗಳ ಮೇಲೆ ಬೆರಳಾಡಿಸುತ್ತ ನಿದ್ದೆ ಹೋಗುತ್ತಿದ್ದಳಂತೆ. ನನ್ನ ಕೈಯಲ್ಲಿದ್ದ ಇದ್ದಿಲುಕಡ್ಡಿ ಇಸಿದುಕೊಂಡು ತನ್ನ ಕೈಮೇಲೇ ಆ ತೊಟ್ಟಿಲನ್ನು ಬರೆದು ತೋರಿಸಿದಳು. ಎರಡು ಅಡ್ಡಗೆರೆ, ನಾಲ್ಕು ಹಗ್ಗ, ನಡುವೆ ಮೂರು ಚುಕ್ಕಿ. ಒಂದು ಸಲವೂ ತಡವರಿಸಲಿಲ್ಲ.

"ಅವ್ವ ಹೋದಾಗ ಕಿವೀಲಿದ್ದ ವಾಲೇನೂ ಬಿಚ್ಕಂಡ್ರು ಕಣವ್ವ," ಎಂದಳು. "ಹಚ್ಚೆ ಒಂದ ಬಿಚ್ಕಳಕ್ಕೆ ಆಗ್ನಿಲ್ಲ. ಅದೊಂದೇ ಜೊತೇಲಿ ಹೋಗಿದ್ದು. ಅದುನ್ನೂ ಒರಸ್ಬುಟ್ರಾ?"

ನಮ್ಮ ಕಡೆ ಹಳೆಯ ಹೆಂಗಸರು ಇದನ್ನು ನಂಬುತ್ತಾರೆ. ಹೆಣವನ್ನು ಎತ್ತುವ ಮುಂಚೆ ಮೈಮೇಲಿನ ಒಡವೆಯನ್ನೆಲ್ಲ ತೆಗೆದುಕೊಳ್ಳುತ್ತಾರೆ, ಹಚ್ಚೆಯೊಂದೇ ಜೊತೆಗೆ ಹೋಗುವ ಒಡವೆ ಎಂದು. ಅವಳು ಹೋದ ಮೇಲೆ ಪಟದ ಮುಂದೆ ಕೂತು ನೋಡಿದೆ. ಆ ತಾಯಿಯ ಮೇಲೆ ಅವಳದಲ್ಲದ ಚಿನ್ನವನ್ನೆಲ್ಲ ಹೇರಿ, ಅವಳದಾಗಿದ್ದ ಒಂದೇ ಒಡವೆಯನ್ನು ನಾವು ಕಿತ್ತುಕೊಂಡಿದ್ದೆವು. ಹಸಿರಿಗೆ ಒಂದಿಷ್ಟು ನೀಲಿ, ಒಂದಿಷ್ಟು ಕಪ್ಪು ಕಲಸಿಕೊಂಡೆ. ಹಣೆಯ ಗೆರೆ ಎಳೆದೆ, ಚುಕ್ಕಿ ಇಟ್ಟೆ, ಬಳೆಗಳನ್ನು ಮೇಲಕ್ಕೆ ಸರಿಸಿ ಬರೆದು ಮುಂಗೈಮೇಲೆ ತೊಟ್ಟಿಲು ಮೂಡಿಸಿದೆ. ಆ ಬೆಳ್ಳನೆ ಬೊಂಬೆ ಆಗಷ್ಟೇ ಒಬ್ಬ ಹೆಂಗಸಾಗಿ ನನ್ನ ಕಡೆ ನೋಡಿತು.

ಮಾವ ಬಂದು ನೋಡಿದವರೇ ಬಟ್ಟೆಯನ್ನು ಬಣ್ಣ ಕರಗಿಸುವ ಟರ್ಪೆಂಟೈನಿಗೆ ಅದ್ದಿಕೊಂಡರು. ನಾನು ಅಡ್ಡ ನಿಂತೆ. ಮಗಳು ಬಂದು ಕೇಳಿದಳು, ಕೈಮೇಲೆ ಬರೆದು ತೋರಿಸಿ ಹೋದಳು ಎಂದು ಎಲ್ಲ ಹೇಳಿದೆ. ಪಟ ಬರೆಯಲು ಹೇಳಿದವರು ಗಂಡುಮಕ್ಕಳು ಎಂದರು ಮಾವ. ತಾಯಿ ಗಂಡುಮಕ್ಕಳಿಗೆ ಮಾತ್ರವೇ ಎಂದು ನಾನು ಕೂಗಿದೆ. ಹೌದು, ಕೂಗಿಯೇ ಹೇಳಿದೆ. ರಸ್ತೆಯಲ್ಲಿ ಹೋಗುವವರು ತಿರುಗಿ ನೋಡಿದರು.

"ನಿಂಗೆ ಕಾಲೇಜು ಐತೆ ಕಣಮ್ಮಿ," ಎಂದರು ಮಾವ. "ಬೋರ್ಡು ಹೋಯ್ತು. ನಂಗಿರೋದು ಇದೊಂದೇ. ಅವ್ರು ಪಟ ವಾಪಸ್ ಬುಟ್ಟೋದ್ರೆ ನಾಳಿಂದ ಈ ಬಾಗಿಲಿಗೆ ಯಾರೂ ಬರಾಕಿಲ್ಲ."

ಅವರ ಮಾತು ಸುಳ್ಳಲ್ಲ. ಅದೇ ನನಗೆ ಇನ್ನಷ್ಟು ಸಿಟ್ಟು ತಂದದ್ದು. ನನ್ನನ್ನು ಪಕ್ಕಕ್ಕೆ ಸರಿಸಿ ಹಣೆ ಒರೆಸಿದರು, ಕೈ ಒರೆಸಿದರು. ಹಸಿ ಬಣ್ಣ, ಎಷ್ಟು ಹೊತ್ತು ತಾನೇ ತಡೆದೀತು? ತೊಟ್ಟಿಲು ಬಟ್ಟೆಗೆ ಅಂಟಿಕೊಂಡು ಬಂತು.

ಆಗ ಅಜ್ಜಿ ಎದ್ದು ಬಂದಳು. ನಡುವಿನ ಬಾಗಿಲಲ್ಲಿ ಕೂತು ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಫೋಟೊ ತರುವವರು ಕೂರುವ ಸ್ಟೂಲಿನ ಮೇಲೆ ಕೂತು, ಸೆರಗು ಸರಿಸಿ, ಬಲಗೈಯನ್ನು ನನ್ನ ಮುಂದೆ ಚಾಚಿದಳು. ಮೊಣಕೈಯಿಂದ ಮಣಿಕಟ್ಟಿನ ತನಕ ಹಚ್ಚೆ. ಮಣಿಕಟ್ಟಿನ ಹತ್ತಿರ ಒಂದು ಚೇಳು. ಹಣೆಯಲ್ಲಿ ಗೆರೆ, ಗಲ್ಲದ ಮೇಲೊಂದು ಚುಕ್ಕಿ. ನನ್ನನ್ನು ಬರೆ ಎಂದಳು. ಮಾವ ಬೆಚ್ಚಿಬಿದ್ದರು. ಅವರ ಸ್ಟುಡಿಯೋದಲ್ಲಿ ಬದುಕಿರುವವರ ಪಟ ಬರೆಯುವಂತಿರಲಿಲ್ಲ, ಬರೆದರೆ ಆಯಸ್ಸು ಕಮ್ಮಿಯಾಗುತ್ತದೆ ಎಂಬ ಭಯ. ಬ್ಯಾಡ ಕಣವ್ವ, ಅಪಶಕುನ ಎಂದು ಕೈಮುಗಿದರು.

ಅಜ್ಜಿ ಮಗನ ಕೈಯಲ್ಲಿದ್ದ ಹಸಿರು ಬಟ್ಟೆಯನ್ನು ನೋಡಿದಳು. "ಸತ್ಮೇಲೆ ನನ್ನೂ ಒರಸ್ಬುಡ್ತೀಯ ಕಣ್ಲಾ ನೀನು," ಎಂದಳು. "ಇರೋವಾಗ್ಲೇ ಬರೀಲಿ ಅವಳು."

ನಾನು ಬರೆದೆ. ಸಾಲಿನ ಮೈ ಮುಟ್ಟಲಿಲ್ಲ, ಹೊಸ ಕ್ಯಾನ್ವಾಸು ಎಳೆದುಕೊಂಡೆ. ಅವಳ ಕಪ್ಪು ಅವಳದೇ, ಹತ್ತಿಸೀರೆ ಅವಳದೇ, ಚೇಳು ಅವಳದೇ. ಮರುದಿನ ಬೆಳಿಗ್ಗೆ ಬಿಡದಿಯವರು ಬಂದು ಬೋಳು ಹಣೆಯ ಪಟವನ್ನು ಟೆಂಪೊದಲ್ಲಿ ಇಟ್ಟುಕೊಂಡು ಖುಷಿಯಾಗಿ ಹೋದರು. ಆ ತಂಗಿ ಗೃಹಪ್ರವೇಶಕ್ಕೆ ಹೋಗಿ ಆ ಗೋಡೆಯ ಕಡೆ ಹೇಗೆ ನೋಡಿದಳೋ ನನಗೆ ಗೊತ್ತಿಲ್ಲ. ರಜೆ ಮುಗಿದು ನಾನು ಹೊರಟಾಗ ಅಜ್ಜಿಯ ಪಟವನ್ನು ಅವಳ ಬೀರುವಿನ ಹಿಂದೆ ಇಟ್ಟು ಬಂದೆ. ಅವಳು ಹೇಳಿದ ಜಾಗ ಅದು.

ಎರಡು ವರ್ಷದ ಮೇಲೆ ಅಜ್ಜಿ ತೀರಿಕೊಂಡಳು. ಹನ್ನೊಂದನೇ ದಿನದ ತಿಥಿಗೆ ಅಮ್ಮನೂ ನಾನೂ ಮಾಗಡಿಯಿಂದ ಬಸ್ಸಿನಲ್ಲಿ ಬಂದೆವು. ಅಷ್ಟರಲ್ಲಿ ಮಾವನ ಮನೆಗೂ ಟೈಲ್ಸು ಹಾಸಿದ ಹಾಲು ಬಂದಿತ್ತು. ಎಡೆ ಇಡುವ ಜಾಗದ ಮೇಲೆ ಪಟ ತೂಗುಹಾಕಿತ್ತು. ಹಸಿ ಬಣ್ಣದ ವಾಸನೆ ಊದುಬತ್ತಿಯ ವಾಸನೆಯನ್ನೂ ಮೀರಿ ಮೂಗಿಗೆ ಬಡಿಯಿತು. ಕೆಂಪು ರೇಷ್ಮೆ ಸೀರೆ, ಕಾಸಿನ ಸರ, ತೊಡೆಯ ಮೇಲೆ ಬೆಳ್ಳನೆಯ ಎರಡು ಕೈ. ಆ ಕೈಗಳು ನನಗೆ ಚೆನ್ನಾಗಿ ಗೊತ್ತು, ಆ ಬೇಸಿಗೆಯಲ್ಲಿ ನಾನೇ ಬರೆದವು. ಹಣೆ ನುಣ್ಣಗಿತ್ತು. ಗಲ್ಲ ನುಣ್ಣಗಿತ್ತು. ತಾಯಿಯ ಮಾತು ಕಿವಿಯಲ್ಲಿರುವಾಗಲೇ, ಮಾವ ತಾಯಿಯನ್ನೂ ಬಿಡದೆ ಒರೆಸಿದ್ದರು. ಬಂಧುಬಳಗದ ಮುಂದೆಯೇ ಕೇಳಿಬಿಡಬೇಕೆಂದು ಹೆಜ್ಜೆ ಮುಂದಿಟ್ಟೆ.

ಅಷ್ಟರಲ್ಲಿ ಅಮ್ಮ ನನಗಿಂತ ಮುಂದೆ ಹೋಗಿದ್ದಳು. ಬೈರಾಪಟ್ಟಣದ ಹೆಂಗಸಿನ ಕತೆಯನ್ನು ನಾನು ಅವಳಿಗೆ ಹೇಳಿರಲಿಲ್ಲ, ಅಣ್ಣನ ಮೇಲೆ ಚಾಡಿ ಹೇಳಿದಂತಾಗುತ್ತದೆ ಎಂದು ಸುಮ್ಮನಿದ್ದೆ. ಅವಳು ಪಟದ ಮುಂದೆ ನಿಂತು ತುಂಬ ಹೊತ್ತು ನೋಡಿದಳು.

"ಯಾರಣ್ಣ ಇದು?" ಎಂದಳು.

ಸೇವಂತಿಗೆ ಹಾರ ಹಿಡಿದು ನಿಂತಿದ್ದ ಮಾವ, ಬಂದವರು ನೋಡುತ್ತಾರೆ, ಲಕ್ಷಣವಾಗಿರಲಿ ಅಂತ ಎಂದೇನೋ ಶುರುಮಾಡಿ ಅಲ್ಲಿಗೇ ನಿಲ್ಲಿಸಿದರು. ನಾನು ಒಳಗೆ ಹೋಗಿ ಬೀರುವಿನ ಹಿಂದೆ ಕೈಹಾಕಿದೆ. ಪಟ ಅಲ್ಲೇ ಇತ್ತು, ಮೇಲೆ ಅಜ್ಜಿಯ ಹಳೆ ಸೀರೆಯೊಂದನ್ನು ಸುತ್ತಿತ್ತು. ತಂದು ಅಮ್ಮನ ಕೈಗೆ ಕೊಟ್ಟೆ. ಗೋಡೆಯ ಮೇಲಿನದನ್ನು ಇಳಿಸಿ, ಮೊಳೆಗೆ ಇದನ್ನು ಹಾಕಿದವಳು ಅವಳೇ. ಅಣ್ಣನ ಅಪ್ಪಣೆ ಕೇಳಲಿಲ್ಲ.

ಮಾವ ಬಂದು ಹಾರ ಹಾಕಿದರು. ಹಾರ ಉದ್ದವಾಗಿತ್ತು. ಅದರ ಒಂದು ಎಳೆ ಇಳಿದು ಅಜ್ಜಿಯ ಮುಂಗೈಯನ್ನು ಮುಚ್ಚಿತು. ಅದು ತಾನಾಗಿ ಜಾರಿತೋ ಅವರೇ ಹಾಗೆ ಬಿಟ್ಟರೋ ನಾನು ಹೇಳಲಾರೆ. ಅಮ್ಮ ಕೈ ಮೇಲೆತ್ತಿ ಆ ಎಳೆಯನ್ನು ಪಕ್ಕಕ್ಕೆ ಸರಿಸಿದಳು, ಚೇಳು ಪೂರ್ತಿ ಕಾಣುವ ತನಕ ಸರಿಸಿದಳು. ಆಮೇಲೆ ಎಡೆ ಇಡಲು ಕೂತಳು.