ಗಾಡಿ ಓಡಿಸಿದ್ದು ಯಾರು?

ಕಾರಿನ ಇನ್ಶೂರೆನ್ಸ್ ಮಾಡಿಸುವ ಏಜೆಂಟ್ ಎಂದು ಗೊತ್ತಾದ ಮೇಲೆ ಶಿವಮೊಗ್ಗದ ಯಾವ ಮದುವೆಮನೆಯಲ್ಲೂ ನನ್ನನ್ನು ನೆಮ್ಮದಿಯಾಗಿ ಹೋಳಿಗೆ ತಿನ್ನಲು ಬಿಟ್ಟವರಿಲ್ಲ. ಎಲೆಯ ಮುಂದೆ ಕೂತರೆ ಸಾಕು, ಪಕ್ಕದವರು ಶುರು ಮಾಡುತ್ತಾರೆ. ಮಂಗ ಬಾನೆಟ್ ಮೇಲೆ ಕುಣಿದು ತಗ್ಗು ಬಿದ್ದರೆ ಕ್ಲೇಮ್ ಬರುತ್ತದೆಯೇ? ಫುಲ್ ಇನ್ಶೂರೆನ್ಸ್ ಇದ್ದರೆ ಬರುತ್ತದೆ. ಇಲಿ ವೈರು ಕಡಿದರೆ? ಪಾಲಿಸಿ ನೋಡಬೇಕು. ಥರ್ಡ್ ಪಾರ್ಟಿ ಅಂದರೆ ಯಾರು? ನಿಮ್ಮ ಗಾಡಿಯಿಂದ ಗುದ್ದಿಸಿಕೊಂಡವರು. "ಅಂದ್ರೆ ಕಟ್ಟೋನು ನಾನು, ತಗೊಳ್ಳೋನು ಅವನು! ಅವನ ಪರಿಚಯಾನೇ ಇಲ್ವಲ್ಲ ಮಾರಾಯ ನಂಗೆ!" ಎಂದು ಒಬ್ಬರು ಸಾರನ್ನದ ಮಧ್ಯೆ ಕೈ ತಡೆದು ಕೂತುಬಿಟ್ಟಿದ್ದರು. ಆಮೇಲೆ ಇಡೀ ಸಂಜೆ ನನ್ನ ಕಡೆ ತಿರುಗಿಯೂ ನೋಡಲಿಲ್ಲ.

ಇವೆಲ್ಲಕ್ಕಿಂತ ಹೆಚ್ಚಾಗಿ ಕೇಳುವ ಪ್ರಶ್ನೆ ಇನ್ನೊಂದಿದೆ. ಗಾಡಿ ನನ್ನ ಹೆಸರಲ್ಲಿದೆ, ಬೇರೆಯವರು ಓಡಿಸಿ ಗುದ್ದಿದರೆ ಇನ್ಶೂರೆನ್ಸ್ ಬರುತ್ತದೆಯೇ? ಬರುತ್ತದೆ. ನೀವು ಒಪ್ಪಿ ಕೊಟ್ಟಿರಬೇಕು, ಓಡಿಸಿದವರ ಹತ್ತಿರ ಚಾಲ್ತಿಯಲ್ಲಿರುವ ಲೈಸೆನ್ಸ್ ಇರಬೇಕು, ಕಂಪನಿಗೆ ಸುಳ್ಳು ಹೇಳಬಾರದು. ಇದನ್ನು ಹೇಳಿ ಹೇಳಿ ನನ್ನ ನಾಲಿಗೆ ಸವೆದಿದೆ. ಆದರೂ ಸ್ವಂತ ಭಾವನ ತಲೆಗೇ ಇಳಿಸಲು ಆಗಲಿಲ್ಲ.

ಭಾವ ಭದ್ರಾವತಿಯ ಕಬ್ಬಿಣದ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದವರು. ನ್ಯೂ ಟೌನಿನಲ್ಲೇ ಮನೆ. ನಿವೃತ್ತಿಯಾದ ಮೇಲೆ ಕಾರು ಕೊಂಡರು. ದಿನಾ ಬೆಳಿಗ್ಗೆ ಮೊದಲು ಅದಕ್ಕೆ ಸ್ನಾನ, ಆಮೇಲೆ ತಮಗೆ. ಅಕ್ಕನೂ ಹಟ ಹಿಡಿದು ಡ್ರೈವಿಂಗ್ ಸ್ಕೂಲಿಗೆ ಸೇರಿ ಲೈಸೆನ್ಸ್ ತೆಗೆದುಕೊಂಡಳು. ಭಾವ ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, ಫೋಟೊ ಚೆನ್ನಾಗಿ ಬಂದಿದೆ ಎಂದರು. ಕೀ ಮಾತ್ರ ಕೊಡಲಿಲ್ಲ. ಕೀ ಸದಾ ಅವರ ಜೇಬಿನಲ್ಲೇ ಇರುತ್ತಿತ್ತು, ಮಲಗಿದಾಗ ದಿಂಬಿನ ಕೆಳಗೆ.

ಹೀಗಿರುವಾಗ ಭಾವ ಕಣ್ಣು ತೋರಿಸಲು ಅಕ್ಕನ ಜೊತೆ ಶಿವಮೊಗ್ಗಕ್ಕೆ ಬಂದರು. ಡಾಕ್ಟರು ಪರೀಕ್ಷೆ ಮಾಡಲು ಕಣ್ಣಿಗೆ ಡ್ರಾಪ್ಸ್ ಹಾಕಿ, ಸಂಜೆಯವರೆಗೂ ಎಲ್ಲ ಮಂಜಾಗಿ ಕಾಣುತ್ತದೆ, ಗಾಡಿ ಓಡಿಸಬೇಡಿ ಎಂದರು. ಭಾವ ಆಸ್ಪತ್ರೆ ಬಾಗಿಲಲ್ಲಿ ಕಪ್ಪು ಕನ್ನಡಕ ಹಾಕಿಕೊಂಡು ತುಂಬ ಹೊತ್ತು ನಿಂತು, ಕೊನೆಗೆ ಮಗಳನ್ನು ಧಾರೆ ಎರೆದು ಕೊಡುವವರ ಮುಖ ಮಾಡಿಕೊಂಡು ಕೀ ಕೊಟ್ಟರಂತೆ. ಅಕ್ಕ ಲಾರಿ, ಬಸ್ಸು, ಅಡ್ಡ ಬಂದ ದನ ಎಲ್ಲವನ್ನೂ ದಾಟಿ ಒಂದು ಗೀರೂ ಬೀಳದ ಹಾಗೆ ನ್ಯೂ ಟೌನ್ ಮುಟ್ಟಿಸಿದಳು. ಕಡೆಗೆ ರಸ್ತೆಯಿಂದ ಮನೆಯ ಕಾಂಪೌಂಡಿನೊಳಕ್ಕೆ ರಿವರ್ಸ್ ತೆಗೆದುಕೊಳ್ಳುವಾಗ ಗಾಡಿ ಗೇಟಿನ ಕಂಬಕ್ಕೆ ಧಡ್ ಎಂದು ಹೊಡೆಯಿತು. ಹಿಂದಿನ ಬಂಪರ್ ಒಳಗೆ ಹೋಯಿತು, ಡಿಕ್ಕಿಯ ಮುಚ್ಚಳ ಸೊಟ್ಟಗಾಯಿತು, ಲೈಟು ಪುಡಿಯಾಯಿತು.

ಅಕ್ಕ ಫೋನ್ ಮಾಡಿದಳು. "ಗಾಡಿ ಬಿಡು ಕಣೋ, ರಿಪೇರಿ ಆಗುತ್ತೆ. ಇವರು ತಾವೇ ಓಡಿಸ್ತಿದ್ದೆ ಅಂತ ಬರೆಸ್ತಾರಂತೆ. ನನ್ನ ಮರ್ಯಾದೆ ಉಳಿಸೋಕಂತೆ. ಅದಕ್ಕೆ ನಾನಿನ್ನು ಯಾವತ್ತೂ ಸ್ಟೇರಿಂಗ್ ಮುಟ್ಟಬಾರದಂತೆ. ಇದ್ಯಾವ ಸೀಮೆ ಮರ್ಯಾದೆನೋ?"

ನನಗೆ ರೇಗಿಹೋಯಿತು. ಫೋನನ್ನು ಭಾವನಿಗೆ ಕೊಡಿಸಿ, "ಅಕ್ಕನ ಹತ್ರ ಲೈಸೆನ್ಸ್ ಇದೆ, ಕೀ ನೀವೇ ಕೊಟ್ಟಿದೀರ, ಕ್ಲೇಮ್ ಬಂದೇ ಬರುತ್ತೆ. ಸುಳ್ಳು ಹೇಳಿದ್ರೇನೇ ಹೋಗೋದು. ಸರ್ವೇಯರ್ ಬಂದು ನೋಡೋವರೆಗೂ ಗಾಡಿ ಅಲ್ಲಾಡಿಸಬೇಡಿ" ಎಂದೆ.

"ಹೆಂಗಸ್ರು ಓಡಿಸಿದ್ರು ಅಂದ್ರೆ ಏನಾದ್ರೂ ತಕರಾರು ತೆಗೀತಾರೆ. ನಿಂಗೊತ್ತಾಗಲ್ಲ ಬಿಡೋ," ಎಂದರು ಭಾವ. ಇಷ್ಟು ವರ್ಷ ನಾನು ಮಾರಿದ್ದು ಇನ್ಶೂರೆನ್ಸೋ ಕಡಲೆಕಾಯೋ ಎಂದು ನನಗೇ ಅನುಮಾನ ಬಂತು.

ಪೆಟ್ಟು ನೋಡಿ ಕಂಪನಿಗೆ ವರದಿ ಕೊಡುವ ಸರ್ವೇಯರ್ ಭದ್ರಾವತಿ ಕಡೆ ಹೊರಟಾಗ ನಾನೂ ಅವರ ಗಾಡಿಯಲ್ಲೇ ಹೋದೆ. ಮನೆ ಮುಂದೆ ನೋಡಿದರೆ ಹೆಣ್ಣು ನೋಡುವ ಶಾಸ್ತ್ರದ ತಯಾರಿ. ಕಾರನ್ನು ತೊಳೆದು ಮುಂಭಾಗಕ್ಕೆ ಸೇವಂತಿಗೆ ಹಾರ ಹಾಕಿದ್ದರು. ಜಖಂ ಆದ ಹಿಂಭಾಗಕ್ಕೆ ಹೂವಿನ ಚಿತ್ರದ ಬೆಡ್‌ಶೀಟ್ ಹೊದಿಸಿದ್ದರು. ಒಳಗೆ ಉಪ್ಪಿಟ್ಟು, ಕೇಸರಿಬಾತು. ಆಯನೂರಿನಿಂದ ಭಾವನ ತಮ್ಮ ಬಂದಿದ್ದರು. ಅಡಿಕೆ ವ್ಯಾಪಾರದವರು, ಆರಡಿ ಆಳು. ಕಾರ್ಖಾನೆಯಲ್ಲಿ ಭಾವನ ಜೊತೆಗಿದ್ದ ಪಕ್ಕದ ಮನೆಯ ತಮಿಳರೊಬ್ಬರು ಇಸ್ತ್ರಿ ಅಂಗಿ ತೊಟ್ಟು ಕುರ್ಚಿಯ ತುದಿಯಲ್ಲಿ ಕೂತಿದ್ದರು.

"ಮೊದಲು ಮುಂದಗಡೆ ನೋಡ್ಲಿ ಕಣೋ. ಹಿಂದಗಡೆದು ನಿಧಾನಕ್ಕೆ ತೋರ್ಸೋಣ," ಎಂದು ಭಾವ ನನ್ನ ಕಿವಿಯಲ್ಲಿ ಹೇಳಿದರು.

"ಭಾವ, ಅವರು ಬಂದಿರೋದೇ ಹಿಂದಗಡೆ ನೋಡೋಕೆ!"

ಸರ್ವೇಯರ್ ಬೆಡ್‌ಶೀಟ್ ಸರಿಸಿ ಫೋಟೊ ತೆಗೆದುಕೊಂಡರು. ಪೆನ್ನು ಬಿಚ್ಚಿ ಕೇಳಿದರು: "ಗಾಡಿ ಓಡಿಸಿದ್ದು ಯಾರು?"

"ನಾನು," ಎಂದರು ಭಾವ.

"ಇಲ್ಲ ಸರ್, ನಾನು," ಎಂದರು ತಮ್ಮ. ಡ್ರಾಪ್ಸ್ ಹಾಕಿಸಿಕೊಂಡ ಅಣ್ಣ ಓಡಿಸುತ್ತಿದ್ದ ಎಂದರೆ ಕೇಸು ಕೆಡುತ್ತದೆ ಎಂಬುದು ಅವರಿಗೆ ಆಗಷ್ಟೇ ಹೊಳೆದಿತ್ತು.

ಪಕ್ಕದ ಮನೆಯವರು ಎದ್ದು ನಿಂತರು. "ಅವರಿಬ್ರಿಗೂ ತೊಂದ್ರೆ ಆಗೋದಾದ್ರೆ ನಾನು ಓಡಿಸ್ದೆ ಅಂತ ಬರ್ಕೊಳ್ಳಿ ಸಾರ್. ನಂಗೇನೂ ಬೇಜಾರಿಲ್ಲ."

"ಓಡಿಸಿದ್ದು ನಾನು," ಎಂದು ಅಕ್ಕ ಬಾಗಿಲಲ್ಲಿ ನಿಂತು ಹೇಳಿದಳು.

"ನೀನು ಕಾಫಿ ತಗೊಂಡ್ ಬಾ," ಎಂದರು ಭಾವ.

ಸರ್ವೇಯರ್ ಪೆನ್ನಿಗೆ ಮುಚ್ಚಳ ಹಾಕಿದರು. "ನಾನಿನ್ನೂ ಏನೂ ಬರೆದಿಲ್ಲ. ಓಡಿಸಿದವರು ಒಳಗೆ ಕೂತು ಹೇಗಾಯ್ತು ಅಂತ ತೋರಿಸಿ."

ಭಾವ ಗತ್ತಿನಿಂದ ಬಾಗಿಲು ತೆಗೆದರು. ಸೀಟು ಪೂರ್ತಿ ಮುಂದಕ್ಕೆ ಬಂದು ನಿಂತಿತ್ತು. ಅಕ್ಕ ಗಿಡ್ಡ ಆಳು, ಸೀಟು ಮುಂದೆ ಎಳೆದುಕೊಳ್ಳದಿದ್ದರೆ ಅವಳಿಗೆ ಬ್ರೇಕು ಎಟುಕುವುದಿಲ್ಲ. ಭಾವ ಹೇಗೋ ಒಳಗೆ ತೂರಿಕೊಂಡರು. ಹೊಟ್ಟೆ ಸ್ಟೇರಿಂಗಿಗೆ ಒತ್ತಿ ಹಾರ್ನ್ ಒಂದೇ ಸಮನೆ ಹೊಡೆದುಕೊಳ್ಳತೊಡಗಿತು. ಸೀಟು ಹಿಂದಕ್ಕೆ ತಳ್ಳುವ ಹಿಡಿಕೆ ಎಳೆದರೆ ಅಲುಗಲಿಲ್ಲ. ಕಂಬಕ್ಕೆ ಹೊಡೆದ ಏಟಿಗೆ ಎಲ್ಲೋ ಸಿಕ್ಕಿಹಾಕಿಕೊಂಡಿತ್ತು. ಹಾರ್ನಿಗೆ ಬೀದಿಯವರೆಲ್ಲ ಹೊರಗೆ ಬಂದರು. ಭಾವನನ್ನು ಹೊರಗೆಳೆದ ಮೇಲೆ ತಮ್ಮ ನುಗ್ಗಿದರು. ಅವರ ಒಂದು ಕಾಲು ಒಳಗೆ ಹೋಯಿತು, ಇನ್ನೊಂದಕ್ಕೆ ಜಾಗ ಸಿಗಲಿಲ್ಲ. "ನಾನು ಹಿಂಗೇ ಓಡಿಸೋದು ಸರ್," ಎಂದರು ಅವರು, ಒಂದು ಕಾಲು ರಸ್ತೆಯಲ್ಲಿಟ್ಟುಕೊಂಡು. ಪಕ್ಕದ ಮನೆಯವರು ದೂರದಿಂದಲೇ ಕೈಮುಗಿದು ಆಡಿದ ಮಾತು ವಾಪಸ್ ಪಡೆದರು.

ಅಕ್ಕ ಕಾಫಿ ತಟ್ಟೆಯನ್ನು ಭಾವನ ಕೈಗೆ ಕೊಟ್ಟು ಕೀ ತೆಗೆದುಕೊಂಡಳು. ಸೆರಗು ಸಿಕ್ಕಿಸಿಕೊಂಡು ಹೋಗಿ ಕೂತಳು. ಅಳತೆ ಕೊಟ್ಟು ಹೊಲಿಸಿದ ರವಿಕೆಯ ಹಾಗೆ ಆ ಸೀಟು ಅವಳಿಗೆ ಸರಿಹೋಯಿತು. ಬೆಲ್ಟ್ ಹಾಕಿಕೊಂಡು ಸರ್ವೇಯರ್ ಕಡೆ ತಿರುಗಿ ಹೇಳಿದಳು: "ಕಣ್ಣಾಸ್ಪತ್ರೇಲಿ ಇವರಿಗೆ ಡ್ರಾಪ್ಸ್ ಹಾಕಿದ್ರು, ಅದಕ್ಕೆ ನಾನು ಓಡಿಸ್ದೆ. ಇವರು ಹಿಂದೆ ನಿಂತ್ಕೊಂಡು ಬರ್ಲಿ, ಬರ್ಲಿ ಅಂತಿದ್ರು. ನಾನು ಬಂದೆ. ಕಂಬಕ್ಕೆ ಹೊಡೆದ ಮೇಲೂ ಬರ್ಲಿ ಅಂದ್ರು."

ಸರ್ವೇಯರ್ ಭಾವನನ್ನು ನೋಡಿದರು. "ಕಣ್ಣಿಗೆ ಡ್ರಾಪ್ಸ್ ಹಾಕಿಸ್ಕೊಂಡು ರಿವರ್ಸ್ ಹೇಳಿದ್ರಾ?"

"ಕಂಬ ಎರಡೆರಡು ಕಾಣಿಸ್ತು ಸರ್," ಎಂದರು ಭಾವ, ಕಾಫಿ ತಟ್ಟೆ ಹಿಡಿದುಕೊಂಡೇ. "ಮಧ್ಯೆ ಜಾಗ ಇದೆ ಅಂದ್ಕೊಂಡೆ."

ಸರ್ವೇಯರ್ ಬಹಳ ಹೊತ್ತು ಕೆಮ್ಮಿದರು. ಆಮೇಲೆ ಅಕ್ಕನ ಲೈಸೆನ್ಸ್ ಕೇಳಿ ಪಡೆದು ಅವಳ ಹೆಸರನ್ನೇ ಬರೆದುಕೊಂಡರು. ಯಾವ ತಕರಾರೂ ತೆಗೆಯಲಿಲ್ಲ, ಕೇಸರಿಬಾತಿನ ಬಗ್ಗೆ ಒಳ್ಳೆಯ ಮಾತಾಡಿ ಹೊರಟುಹೋದರು. ನನಗಂತೂ ಎಷ್ಟು ಖುಷಿಯಾಯಿತೆಂದರೆ ಎರಡನೇ ಸಲ ಉಪ್ಪಿಟ್ಟು ಹಾಕಿಸಿಕೊಂಡೆ.

"ಬರೆಸಿದ್ದಾಯ್ತಲ್ಲ, ಇನ್ನು ಕೀ ತಾ," ಎಂದರು ಭಾವ. ಗಾಡಿ ಶಿವಮೊಗ್ಗದ ಗ್ಯಾರೇಜಿಗೆ ಹೋಗಬೇಕಿತ್ತು. ಕೀ ಕೈಗೆ ಬಂದ ಮೇಲೆ ಅವರಿಗೆ ಸೀಟು ನೆನಪಾಯಿತು. ನನ್ನನ್ನು ನೋಡಿದರು, ತಮ್ಮನನ್ನು ನೋಡಿದರು. ಮೂವರೂ ತಿಂದುಂಡು ಬೆಳೆದವರು. ಕೀಯನ್ನು ಅಕ್ಕನಿಗೆ ವಾಪಸ್ ಕೊಟ್ಟರು.

ಅಕ್ಕ ಓಡಿಸಿದಳು. ಪಕ್ಕದಲ್ಲಿ ಭಾವ, ಹಿಂದೆ ನಾನೂ ಆಯನೂರಿನವರೂ. ಊರು ದಾಟುತ್ತಿದ್ದಂತೆ ಭಾವ ಕತ್ತು ತಿರುಗಿಸದೆ ನನ್ನನ್ನು ಕೇಳಿದರು: "ಪಕ್ಕದಲ್ಲಿ ಕೂತೋರಿಗೆ ಇನ್ಶೂರೆನ್ಸ್ ಇರುತ್ತೇನೋ?"

"ಸೇರಿಸಿದ್ರೆ ಇರುತ್ತೆ. ನೀವೇ ದಂಡ ಅಂತ ಬೇಡ ಅಂದಿದ್ರಿ."

ಭಾವ ಬೆಲ್ಟ್ ಇನ್ನಷ್ಟು ಬಿಗಿ ಮಾಡಿಕೊಂಡರು. ಅಕ್ಕ ಹಾಡು ಹಾಕಿದಳು.

ಗ್ಯಾರೇಜಿನ ಮೇಸ್ತ್ರಿ ಬಗ್ಗಿ ಟಾರ್ಚ್ ಬಿಟ್ಟು ನೋಡಿದರು. ಕಳ್ಳಕಾಕರಿಗೆ ಇರಲಿ ಎಂದು ಭಾವ ಸೀಟಿನ ಕೆಳಗಿಟ್ಟಿದ್ದ ಕಬ್ಬಿಣದ ರಾಡು ಏಟಿಗೆ ಉರುಳಿ ಸೀಟು ಜಾರುವ ಹಳಿಯಲ್ಲಿ ಕಚ್ಚಿಕೊಂಡಿತ್ತು. "ಇದನ್ನ ಎಳೆದ್ರೆ ಸೀಟು ಹಿಂದಕ್ಕೆ ಹೋಗುತ್ತೆ ಸಾರ್. ಈಗ್ಲೇ ಮಾಡಿಕೊಡ್ತೀನಿ," ಎಂದರು.

ಭಾವನ ಮುಖ ಅರಳಿತು. "ಮಾಡಿ, ಮಾಡಿ" ಎನ್ನುತ್ತ ಅಕ್ಕನ ಮುಂದೆ ಕೈ ಚಾಚಿದರು.

ಅಕ್ಕ ಕೀಯನ್ನು ಆ ಕೈಗೆ ಕೊಡಲಿಲ್ಲ, ಮೇಸ್ತ್ರಿಗೆ ಕೊಟ್ಟಳು. "ಹಿಂದಗಡೆ ಸರಿ ಮಾಡಿ, ಲೈಟ್ ಹಾಕಿ. ಸೀಟು ಎಲ್ಲಿದ್ಯೋ ಅಲ್ಲೇ ಇರ್ಲಿ," ಎಂದಳು. "ಮುಗಿದ ಮೇಲೆ ನನಗೇ ಫೋನ್ ಮಾಡಿ, ಬಂದು ತಗೊಂಡು ಹೋಗ್ತೀನಿ."