ನನ್ನ ಅಪ್ಪ ನಿಮ್ಮ ಬೆಂಕಿಯಲ್ಲಿಲ್ಲ

ಅಪ್ಪ ತೀರಿಕೊಂಡ ವರ್ಷದ ನವೆಂಬರಿನಲ್ಲಿ ಅವರನ್ನು ಬೆಂಕಿಯಿಂದ ಬಿಡಿಸಲು ನನ್ನ ಅತ್ತೆ ಹೊರಟರು. ಅಪ್ಪ ಬೆಂಕಿಯಲ್ಲಿದ್ದಾರೆ ಎಂಬುದೇ ನನಗೆ ಅದುವರೆಗೆ ಗೊತ್ತಿರಲಿಲ್ಲ.

ನಾನು ಕಾಪುವಿನ ಮೊಗವೀರರ ಮನೆಯ ಹುಡುಗಿ. ಅಪ್ಪ ಆಯುಷ್ಯವಿಡೀ ಮೀನು ಹಿಡಿಯಲು ಬೋಟಿಗೆ ಹೋದವರು. ಗಂಡನ ಮನೆಯವರು ಕೊಂಕಣಿ ಮಾತನಾಡುವ ಕ್ರೈಸ್ತರು, ಮೂಲತಃ ಕಾರ್ಕಳದವರು, ಈಗ ಉಡುಪಿಯಲ್ಲಿ ಫ್ಲಾಟು ಮಾಡಿಕೊಂಡಿದ್ದಾರೆ. ನಮ್ಮ ಮದುವೆ ರಿಜಿಸ್ಟ್ರಾರ್ ಕಚೇರಿಯಲ್ಲಿ ಆಯಿತು. ನಾನು ನನ್ನ ದೇವರನ್ನು ಬಿಡಲಿಲ್ಲ, ಗಂಡ ತನ್ನದನ್ನು ಬಿಡಲಿಲ್ಲ. ಮಾವ ನಮ್ಮ ಮದುವೆಗೆ ಮೊದಲೇ ತೀರಿಹೋಗಿದ್ದರು. ಅತ್ತೆ ಆ ದಿನ ಸಹಿ ಹಾಕಲು ಬರಲಿಲ್ಲ. ಸಂಜೆ ಮನೆಗೆ ಹೋದಾಗ ನನ್ನನ್ನು ತಲೆಯಿಂದ ಕಾಲಿನವರೆಗೆ ನೋಡಿ, "ಬಾ, ಕಾಲು ತೊಳೆದು ಬಾ" ಎಂದರು. ಕಾಲು ತೊಳೆದೇ ಬಂದಿದ್ದೆ.

ಅಪ್ಪ ಅವರ ಮೇಲೆ ಯಾವತ್ತೂ ಬೇಸರ ಮಾಡಿಕೊಳ್ಳಲಿಲ್ಲ. ಒಳ್ಳೆಯ ಅಂಜಲ್ ಸಿಕ್ಕಿದ ದಿನ ಅರ್ಧ ಮೀನು ಉಡುಪಿಗೆ ಕಳಿಸುತ್ತಿದ್ದರು. ಅತ್ತೆ ಅದನ್ನು ಮಸಾಲೆ ಹಚ್ಚಿ ಹುರಿದು ನಮಗೆಲ್ಲ ಬಡಿಸುತ್ತಿದ್ದರು, ತಾವೂ ಉಣ್ಣುತ್ತಿದ್ದರು. ಮೀನು ನಮ್ಮ ಫ್ಲಾಟಿನೊಳಗೆ ಸಲೀಸಾಗಿ ಬರುತ್ತಿತ್ತು. ಮೀನು ತಂದವರು ಬಂದರೆ ಮಾತ್ರ ಅತ್ತೆಗೆ ಒಳಗಿನ ಕೋಣೆಯಲ್ಲಿ ಎಂತದೋ ಕೆಲಸ ಇರುತ್ತಿತ್ತು. ಕಡೆಗಾಲದಲ್ಲಿ ಅಪ್ಪ ಮಣಿಪಾಲದ ಆಸ್ಪತ್ರೆಯಲ್ಲಿ ಮಲಗಿದಾಗಲೂ ಅವರು ಬರಲಿಲ್ಲ. ನಮ್ಮ ಫ್ಲಾಟಿನಿಂದ ಮಣಿಪಾಲ ಎಂದರೆ ಬಸ್ಸು ಹತ್ತಿ ಕೂತದ್ದೇ ಇಳಿಯುವಷ್ಟು ದೂರ. ಮೊಣಕಾಲು ನೋವು ಎಂದರು. ಅದೇ ವಾರ ಆ ಮೊಣಕಾಲು ನೊವೆನಾ ಪ್ರಾರ್ಥನೆಗೆಂದು ಕಾರ್ಕಳಕ್ಕೆ ಹೋಗಿ ಬಂತು. ಅಪ್ಪ ಮಾತ್ರ ನಾನು ಹೋದಾಗಲೆಲ್ಲ ಆಕ್ಸಿಜನ್ ಮಾಸ್ಕ್ ಸರಿಸಿ ಅತ್ತೆಯನ್ನು ವಿಚಾರಿಸುತ್ತಿದ್ದರು: "ನಿನ್ನ ಮಾಮಿ ಹುಷಾರಿದ್ದಾರಲ್ಲ?"

ಹೀಗಿರುವಾಗ ನವೆಂಬರ್ ಬಂತು. ಅದು ಅವರಿಗೆ ಸತ್ತವರ ತಿಂಗಳು. ಗಂಡನೊಡನೆ ನಾನೂ ಅತ್ತೆಯನ್ನು ಕಾರ್ಕಳಕ್ಕೆ ಕರೆದುಕೊಂಡು ಹೋದೆ. ಮಾವನ ಸಮಾಧಿ ಇರುವುದು ಅಲ್ಲಿನ ಇಗರ್ಜಿಯ, ಅಂದರೆ ಚರ್ಚಿನ, ಹಿಂದೆ. ಸಮಾಧಿಗಳನ್ನೆಲ್ಲ ತೊಳೆದು, ಹೂವಿಟ್ಟು, ಮೇಣದಬತ್ತಿ ಹಚ್ಚಿದ್ದರು. ನಾನು ಕಟಪಾಡಿಯಿಂದ ತರಿಸಿದ ಮಲ್ಲಿಗೆಯನ್ನು ಮಾವನ ಕಲ್ಲಿನ ಮೇಲಿಟ್ಟು ಕೈ ಮುಗಿದೆ. ನೋಡದ ಮನುಷ್ಯನಾದರೂ ಗಂಡನ ಅಪ್ಪ. ಅಷ್ಟು ನನಗೆ ಗೊತ್ತುಂಟು.

ಅತ್ತೆ ತಮ್ಮ ಹಳೆಯ ಪ್ರಾರ್ಥನೆ ಪುಸ್ತಕ ತೆಗೆದರು. ಬೆನ್ನು ಬಿಟ್ಟುಹೋಗಿ ಬ್ಯಾಂಡೇಜಿನ ಟೇಪು ಅಂಟಿಸಿದ ಪುಸ್ತಕ. ಅದರಲ್ಲಿ ಒಂದೊಂದು ಪ್ರಾರ್ಥನೆಯ ಕೆಳಗೂ ಅದನ್ನು ಹೇಳಿದರೆ ಇಷ್ಟು ದಿನದ ಶಿಕ್ಷೆ ಮಾಫಿ ಎಂದು ಸಣ್ಣ ಅಕ್ಷರದಲ್ಲಿ ಅಚ್ಚಾಗಿದೆ. ಅದಕ್ಕೆ ಇಂಡಲ್ಜೆನ್ಸ್ ಎನ್ನುತ್ತಾರೆ. ದಿನಗಳ ಆ ಲೆಕ್ಕವನ್ನು ಚರ್ಚ್ ಯಾವತ್ತೋ ಬಿಟ್ಟಾಗಿದೆ ಎಂದು ಗಂಡ ಹೇಳಿದ್ದ. ಅತ್ತೆ ಬಿಟ್ಟಿರಲಿಲ್ಲ. ಪಾಪನಿವೇದನೆ ಮಾಡಿದರೆ ಪಾಪಕ್ಕೆ ಕ್ಷಮೆ ಸಿಗುತ್ತದೆ, ಆದರೆ ಶಿಕ್ಷೆ ಉಳಿಯುತ್ತದೆ. ಅದನ್ನು ಸತ್ತ ಮೇಲೆ ಶುದ್ಧೀಕರಣದ ಬೆಂಕಿಯಲ್ಲಿ ತೀರಿಸಬೇಕು. ಬದುಕಿರುವವರು ನವೆಂಬರಿನ ಮೊದಲ ಎಂಟು ದಿನಗಳಲ್ಲಿ ಸ್ಮಶಾನಕ್ಕೆ ಬಂದು ಪ್ರಾರ್ಥಿಸಿದರೆ ಒಂದು ಆತ್ಮದ ಶಿಕ್ಷೆ ಪೂರ್ತಿ ಹೋಗುತ್ತದೆ. ದಿನಕ್ಕೆ ಒಂದೇ ಆತ್ಮ. ಇಷ್ಟು ಮದುವೆಯಾದಾಗಿನಿಂದ ಕೇಳಿ ಕೇಳಿ ನನಗೂ ಬಾಯಿಪಾಠವಾಗಿತ್ತು.

ಮಾವನ ಪ್ರಾರ್ಥನೆ ಮುಗಿಯಿತು ಎಂದುಕೊಂಡು ನಾನು ಚೀಲ ಎತ್ತಿಕೊಂಡೆ. ಅತ್ತೆ ಇನ್ನೊಂದು ಮೇಣದಬತ್ತಿ ತೆಗೆದು ನಡುವಿನ ದೊಡ್ಡ ಶಿಲುಬೆಯ ಬುಡದಲ್ಲಿ ಹಚ್ಚಿದರು. ಅಕ್ಕಪಕ್ಕದವರಿಗೆ ಕೇಳುವಂತೆ ಹೇಳಿದರು:

"ಇವತ್ತಿನದು ನಿನ್ನ ಅಪ್ಪನಿಗೆ ಕೊಟ್ಟೆ. ಕಡೇ ದಿನದ್ದೂ ಅವರಿಗೇ. ಪಾಪ, ಅವರಿಗೆ ಅಲ್ಲಿ ಯಾರಿದ್ದಾರೆ?"

ಸುತ್ತ ನಿಂತಿದ್ದ ಒಂದಿಬ್ಬರು ಹೆಂಗಸರು ನನ್ನನ್ನು ಕರುಣೆಯಿಂದ ನೋಡಿದರು. ನನಗೆ ಮೈಯೆಲ್ಲ ಉರಿಯಿತು.

"ಎಲ್ಲಿ ಮಾಂಯ್? ಅಲ್ಲಿ ಅಂದರೆ ಎಲ್ಲಿ?" ಎಂದೆ.

"ಎಲ್ಲಿ ಅಂದರೆ? ನಾವೆಲ್ಲ ಹೋಗುವಲ್ಲಿ. ಬೆಂಕಿಯಲ್ಲಿ."

"ನನ್ನ ಅಪ್ಪ ನಿಮ್ಮ ಬೆಂಕಿಯಲ್ಲಿಲ್ಲ. ಅವರ ಬೊಜ್ಜ, ಉತ್ತರಕ್ರಿಯೆ ಎಲ್ಲ ನಾವು ಕ್ರಮಪ್ರಕಾರ ಮಾಡಿದ್ದೇವೆ. ಅವರು ಎಲ್ಲಿ ಸೇರಬೇಕೋ ಅಲ್ಲಿ ಸೇರಿಯಾಗಿದೆ."

"ಒಳ್ಳೆಯದೇ ಅಲ್ವಾ ಮಾಡಿದ್ದು? ನಷ್ಟ ಎಂತ ನಿನಗೆ?"

"ಬದುಕಿದ್ದಾಗ ಮಾಡಬಹುದಿತ್ತಲ್ಲ? ಮಣಿಪಾಲದಲ್ಲಿದ್ದರು."

"ಬದುಕಿದ್ದವರಿಗೆ ಇದನ್ನು ಕೊಡಲಿಕ್ಕೆ ಆಗುವುದಿಲ್ಲ," ಎಂದರು ಅತ್ತೆ, ಪಾಠ ಹೇಳುವವರ ಹಾಗೆ. "ನಮಗೆ ಇಟ್ಟುಕೊಳ್ಳಬಹುದು, ಇಲ್ಲವೇ ಸತ್ತವರಿಗೆ ಕೊಡಬಹುದು. ಕಾನೂನು ಹಾಗೆ ಉಂಟು."

ನಾನು ಕೇಳಿದ್ದು ಅದನ್ನಲ್ಲ ಎಂದು ಅವರಿಗೆ ಅರ್ಥವಾಗಲಿಲ್ಲವೋ, ಅರ್ಥವಾಗಿಯೇ ಹಾಗೆ ಹೇಳಿದರೋ ನನಗೆ ಈಗಲೂ ತಿಳಿಯದು. ಗಂಡ ನನ್ನ ಮೊಣಕೈ ಹಿಡಿದು, "ಬಿಡು ಮಾರಾಯ್ತಿ, ಇಲ್ಲಿ ಬೇಡ" ಎಂದ. ಉಡುಪಿಯವರೆಗೆ ಕಾರಿನಲ್ಲಿ ಅತ್ತೆ ಹಿಂದಿನ ಸೀಟಿನಲ್ಲಿ ಜಪಸರ ತಿರುಗಿಸುತ್ತಿದ್ದರು. ಒಂದೊಂದು ಮಣಿ ಸರಿದಾಗಲೂ ಇದು ಯಾರಿಗೆ ಎಂದು ನಾನು ಹಲ್ಲು ಕಚ್ಚಿಕೊಂಡು ಕೂತಿದ್ದೆ.

ಆ ವರ್ಷ ದೀಪಾವಳಿಯೂ ಅದೇ ವಾರ ಬಂದಿತ್ತು. ನಮ್ಮಲ್ಲಿ ಹಬ್ಬಕ್ಕೆ ಮೊದಲು ಸತ್ತವರಿಗೆ ಬಡಿಸುವ ಕ್ರಮವಿದೆ. ಒಳಗಿನ ಕೋಣೆಯಲ್ಲಿ ಎಲೆ ಹಾಕಿ, ತೀರಿಹೋದವರಿಗೆ ಇಷ್ಟವಾದದ್ದನ್ನೆಲ್ಲ ಬಡಿಸಿ, ಬಾಗಿಲು ಮುಚ್ಚಿ ನಾವು ಹೊರಗೆ ನಿಲ್ಲುತ್ತೇವೆ. ಅವರು ಉಂಡು ಹೋದ ಮೇಲೆ ಬಾಗಿಲು ತೆರೆಯುತ್ತೇವೆ. ಅಪ್ಪನಿಗೆ ಅದು ಮೊದಲ ಎಲೆ. ನಾನು ಬೆಳಿಗ್ಗೆಯೇ ಬಸ್ಸು ಹತ್ತಿ ಕಾಪುವಿಗೆ ಹೋದೆ. ಅಮ್ಮ ಬಂಗುಡೆ ಮೀನಿನ ಪುಳಿಮುಂಚಿ ಮಾಡಿದ್ದರು, ಕೋಳಿ ಇತ್ತು, ಕುಚ್ಚಲಕ್ಕಿ ಅನ್ನ ಇತ್ತು. ಅಪ್ಪನ ಎಲೆಯನ್ನು ಅಮ್ಮ ಹಾಕಿದರು. ನಾನು ಪಕ್ಕದಲ್ಲಿ ಇನ್ನೊಂದು ಎಲೆ ಹಾಕಿದೆ.

"ಇದು ಯಾರಿಗೆ?" ಎಂದು ಅಮ್ಮ ಕೇಳಿದರು.

"ನನ್ನ ಮಾವನಿಗೆ."

"ಅವರ ಮನೆಯವರನ್ನು ಕೇಳಿದ್ದೀಯಾ?"

"ಅವರು ನಮ್ಮನ್ನು ಕೇಳಿದ್ದಾರಾ?" ಎಂದು ಸ್ಮಶಾನದಲ್ಲಿ ನಡೆದದ್ದನ್ನೆಲ್ಲ ಹೇಳಿದೆ. ಅಮ್ಮ ಸೌಟಿನಿಂದ ಅಪ್ಪನ ಎಲೆಗೆ ಪುಳಿಮುಂಚಿ ಬಡಿಸಿದರು. "ಅವರು ಹಾಗೆ ಮಾಡಿದರೆಂದು ನೀನೂ ಮಾಡಬೇಕಾ?" ಎಂದರು. ನಾನು ಸೌಟು ತೆಗೆದುಕೊಂಡು ನಾನೇ ಬಡಿಸಿದೆ. ಮಾವನಿಗೆ ಬ್ರಾಂದಿ ಬಲು ಇಷ್ಟವೆಂದೂ ಅತ್ತೆ ಹರಕೆ ಹೊತ್ತು, ಅತ್ತು, ಜಗಳವಾಡಿ ಅದನ್ನು ಬಿಡಿಸಿದರೆಂದೂ ಗಂಡ ಒಮ್ಮೆ ಹೇಳಿದ್ದ. ಅಣ್ಣನ ಕಪಾಟಿನಿಂದ ಬಾಟಲಿ ತಂದು ಒಂದು ಲೋಟ ತುಂಬಿಸಿ ಮಾವನ ಎಲೆಯ ಪಕ್ಕ ಇಟ್ಟೆ. ಬಾಗಿಲು ಮುಚ್ಚಿದೆವು.

ಸಂಜೆ ಉಡುಪಿಗೆ ಮರಳಿದಾಗ ಅತ್ತೆ ಸೋಫಾದಲ್ಲಿ ಕೂತು ಬಟಾಣಿ ಬಿಡಿಸುತ್ತಿದ್ದರು. ಚಪ್ಪಲಿ ಬಿಡುವ ಮೊದಲೇ ಹೇಳಿದೆ.

"ಮಾಂಯ್, ಇವತ್ತು ಮಾವನಿಗೂ ಬಡಿಸಿದೆ, ನಮ್ಮ ಮನೆಯಲ್ಲಿ."

"ಯಾವ ಮಾವ?"

"ನಿಮ್ಮ ಗಂಡ."

ಬಟಾಣಿಯ ಪಾತ್ರೆ ಅವರ ಮಡಿಲಿನಿಂದ ಜಾರಿತು. "ನನ್ನ ಗಂಡನನ್ನು ಅಲ್ಲಿಗೆ ಕರೆದೆಯಾ? ಯಾರನ್ನು ಕೇಳಿ ಕರೆದದ್ದು?"

"ಯಾರನ್ನೂ ಕೇಳಲಿಲ್ಲ. ಒಳ್ಳೆಯದೇ ಅಲ್ವಾ ಮಾಡಿದ್ದು?"

"ಅವರು ಪವಿತ್ರ ಮಣ್ಣಿನಲ್ಲಿ ಮಲಗಿದವರು! ನಿಮ್ಮ ಎಲೆಗೆ ಬರುವವರಲ್ಲ!"

"ನನ್ನ ಅಪ್ಪ ನಿಮ್ಮ ಬೆಂಕಿಗೆ ಬರುವವರಾ?"

ಅವರ ಮುಖ ಬಿಳಿಚಿಕೊಂಡಿತ್ತು. ದನಿ ತಗ್ಗಿಸಿ ಕೇಳಿದರು: "ಕುಡಿಯಲಿಕ್ಕೆ ಎಂತಾದರೂ ಇಟ್ಟಿದ್ದೀಯಾ?"

"ಬ್ರಾಂದಿ."

ಅತ್ತೆ ಎದ್ದು ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರು. ಒಳಗೆ ಅಳುವುದು ಕೇಳಿಸಿತು. ಗಂಡ ನನ್ನನ್ನು ನೋಡಿ, "ಇಷ್ಟು ಬೇಕಿತ್ತಾ?" ಎಂದ. "ಬೇಕಿತ್ತು," ಎಂದೆ. ಬಗ್ಗಿ ಬಟಾಣಿ ಹೆಕ್ಕಿದ್ದು ಅವನು.

ಎಂಟನೆಯ ತಾರೀಕು, ಅಂದರೆ ಕಡೇ ದಿನ, ಬೆಳಕು ಹರಿಯುವಾಗಲೇ ಅತ್ತೆ ಯಾರಿಗೂ ಹೇಳದೆ ಬಸ್ಸು ಹಿಡಿದು ಕಾರ್ಕಳಕ್ಕೆ ಹೋದರು. ಮೊದಲು ಪಾಪನಿವೇದನೆ, ಆಮೇಲೆ ಪೂಜೆ, ಪರಮಪ್ರಸಾದ, ಆಮೇಲೆ ಸ್ಮಶಾನ. ಮಧ್ಯಾಹ್ನ ಬೆವರಿಕೊಂಡು ಬಂದು ನೀರು ಕುಡಿದರು. ಯಾರಿಗೆ ಎಂದು ಗಂಡ ಕೇಳಿದ.

"ನಿನ್ನ ಅಪ್ಪನಿಗೆ. ಮತ್ತೆ ಯಾರಿಗೆ? ಇವಳು ಮಾಡಿದ ಕೆಲಸಕ್ಕೆ," ಎಂದರು.

ಅಪ್ಪನಿಗೆ ಮೀಸಲಿಟ್ಟ ದಿನ ಹೀಗೆ ಮಾವನ ಪಾಲಾಯಿತು. ದಿನಕ್ಕೆ ಒಂದೇ ಆತ್ಮ. ನನಗೆ ಖುಷಿಯಾಯಿತು. ಆ ರಾತ್ರಿ ಹೊಟ್ಟೆತುಂಬ ಉಂಡು ಮಲಗಿದೆ.

ಈಗ ಅತ್ತೆ ಅಪ್ಪನ ಸುದ್ದಿ ಎತ್ತುವುದಿಲ್ಲ. ನಾನೂ ಕಾಪುವಿನಲ್ಲಿ ಒಂದೇ ಎಲೆ ಹಾಕುತ್ತೇನೆ. ಆದರೆ ಸಂಜೆಯ ತೇರ್ಸ್, ಅಂದರೆ ಮನೆಯವರು ಸೇರಿ ಹೇಳುವ ಜಪಸರ, ಮುಗಿಯುವ ಹೊತ್ತಿಗೆ ಅವರು ಹೊಸತೊಂದು ಪ್ರಾರ್ಥನೆ ಸೇರಿಸಿದ್ದಾರೆ. "ಯಾರೂ ನೆನಪು ಮಾಡದ ಆತ್ಮಗಳಿಗಾಗಿ" ಎನ್ನುತ್ತಾರೆ. ಹೇಳಿ, ಅಡುಗೆಮನೆಯ ಬಾಗಿಲಿನ ಕಡೆ ಒಮ್ಮೆ ನೋಡುತ್ತಾರೆ.

ಮೊದಲ ಸಲ ಕೇಳಿದಾಗ ನಾನು ಮೀನು ತೊಳೆಯುತ್ತಿದ್ದೆ. ಕೈ ಒರೆಸಿಕೊಂಡು ಹೋಗಿ ಬಾಗಿಲಲ್ಲಿ ನಿಂತು, "ನನ್ನ ಅಪ್ಪನಿಗೆ ಜನ ಇದ್ದಾರೆ ಮಾಂಯ್" ಎಂದೆ.

"ನಿನ್ನ ಅಪ್ಪನ ಹೆಸರು ಯಾರು ಎತ್ತಿದರು?" ಎಂದು ಅತ್ತೆ ಕಣ್ಣು ಮುಚ್ಚಿ ಮುಂದಿನ ಪ್ರಾರ್ಥನೆ ಶುರುಮಾಡಿದರು.